ಗೇಜಿನ ಮುಳ್ಳು ಹೇಳದ ಮಾತು: ಸ್ಕೂಬಾ ಟ್ಯಾಂಕಿಗೆ ಮನೆಯಲ್ಲಿ ಮಾಡಿದ ಕಂಪ್ರೆಸರ್‌ನಿಂದ ಗಾಳಿ ತುಂಬಬಹುದಾ?

ಹೋದ ಬೇಸಿಗೆಯಲ್ಲಿ ಇಬ್ಬರು ಹುಡುಗರು ನನ್ನ ಅಂಗಡಿಗೆ ಬಂದರು. ಅಣ್ಣ-ತಮ್ಮ, ಚನ್ನಗಿರಿ ಕಡೆಯವರು. ಅಡಿಕೆ ತೋಟದ ಬಾವಿಗಳಲ್ಲಿ ಬಿದ್ದ ಮೋಟಾರು, ಪೈಪು ಎತ್ತಿಕೊಡುವುದು ಅವರ ಕೆಲಸ. ಉಸಿರು ಬಿಗಿಹಿಡಿದು ಮುಳುಗುತ್ತಾರೆ, ಹಗ್ಗ ಕಟ್ಟಿ ಮೇಲೆ ಬರುತ್ತಾರೆ. ಅವತ್ತು ಬೈಕಿನ ಹಿಂದೆ ಗೋಣಿಚೀಲದಲ್ಲಿ ಸುತ್ತಿ ಒಂದು ಹಳದಿ ಸ್ಕೂಬಾ ಟ್ಯಾಂಕ್ ತಂದಿದ್ದರು, ನೀರಿನೊಳಗೆ ಉಸಿರಾಡಲು ಬೆನ್ನಿಗೆ ಕಟ್ಟಿಕೊಳ್ಳುವಂಥದ್ದು. ಕರಾವಳಿಯಲ್ಲಿ ಯಾರೋ ಸೆಕೆಂಡ್ ಹ್ಯಾಂಡ್ ಕೊಟ್ಟಿದ್ದರಂತೆ.

"ಅಣ್ಣ, ಇದಕ್ಕೆ ಗಾಳಿ ತುಂಬಬೇಕು. ಹಳೇ ಫ್ರಿಡ್ಜ್ ಕಂಪ್ರೆಸರ್ ಎರಡು ಇದಾವೆ. ಒಂದರ ಹಿಂದೆ ಒಂದು ಜೋಡಿಸಿದ್ರೆ ಪ್ರೆಷರ್ ಬರುತ್ತಂತೆ, ವಿಡಿಯೋದಲ್ಲಿ ನೋಡಿದ್ವಿ. ಮಾಡ್ಕೊಡ್ತೀರಾ?"

ನಾನು ದಾವಣಗೆರೆಯಲ್ಲಿ ಇಪ್ಪತ್ತು ವರ್ಷದ ಮೇಲಾಯಿತು, ಕಂಪ್ರೆಸರ್ ರಿಪೇರಿ ಮಾಡುತ್ತಿದ್ದೇನೆ. ಪಂಕ್ಚರ್ ಅಂಗಡಿ, ರೈಸ್ ಮಿಲ್, ಪೇಂಟಿಂಗ್ ಶೆಡ್ಡು, ಎಲ್ಲಾ ಕಡೆ ಓಡಾಡಿದ ಕೈ. ಆಗಲ್ಲ ಅಂತ ಒಂದೇ ಮಾತಿನಲ್ಲಿ ಹೇಳಿಬಿಟ್ಟೆ. ಯಾಕೆ ಆಗಲ್ಲ ಅಂತ ಹೇಳೋಕೆ ಮಾತ್ರ ಇಡೀ ಮಧ್ಯಾಹ್ನ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಯೋಚನೆ ಬೇರೆಯವರಿಗೂ ಬಂದಿರಬಹುದು. ಆ ವಿಡಿಯೋಗಳನ್ನು ನೋಡಿದರೆ ಯಾರಿಗಾದರೂ ಸುಲಭ ಅನ್ನಿಸುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಮುಳುಗುವವರ ಬೆನ್ನ ಮೇಲೆ ಇರುವುದು "ಆಕ್ಸಿಜನ್ ಸಿಲಿಂಡರ್" ಅಂತ ನಾವೆಲ್ಲ ಅನ್ನುತ್ತೇವೆ. ಅಲ್ಲ. ಅದರಲ್ಲಿ ಇರುವುದು ನಾವು ಈಗ ಉಸಿರಾಡುತ್ತಿರುವ ಇದೇ ಗಾಳಿ. ಶೇಕಡಾ 21 ಆಮ್ಲಜನಕ, 78 ಸಾರಜನಕ. ಬರೀ ಆಮ್ಲಜನಕ ತುಂಬಿಕೊಂಡು ಆರು ಮೀಟರ್‌ಗಿಂತ ಕೆಳಗೆ ಹೋದರೆ ಅದೇ ವಿಷವಾಗುತ್ತದೆ, ನೀರಿನೊಳಗೇ ಫಿಟ್ಸ್ ಬರಬಹುದು. ಹಾಗಾಗಿ ಆಸ್ಪತ್ರೆಯ ಸಿಲಿಂಡರ್‌ನಿಂದಲೋ ವೆಲ್ಡಿಂಗ್ ಸಿಲಿಂಡರ್‌ನಿಂದಲೋ ತುಂಬಿಸಿಕೊಳ್ಳುವ ದಾರಿಯೂ ಇಲ್ಲ. ಬೇಕಾದದ್ದು ಸಾದಾ ಗಾಳಿ. ಆದರೆ ತುಂಬಾ ಒತ್ತಿದ, ತುಂಬಾ ಶುದ್ಧವಾದ ಸಾದಾ ಗಾಳಿ.

ಎಷ್ಟು ಒತ್ತಬೇಕು? ಕಾರಿನ ಟೈರಿಗೆ ಹಾಕುವುದು 32 ಪಿಎಸ್ಐ ಆಸುಪಾಸು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಾಮಾನ್ಯವಾಗಿ 150 ಪಿಎಸ್ಐ, ಅಂದರೆ 10 ಬಾರ್ ಆದ ಕೂಡಲೇ ನಿಂತುಬಿಡುತ್ತದೆ. ಚಿತ್ರದುರ್ಗದ ಕಡೆ ಬೋರ್ ಕೊರೆಯುವ ಲಾರಿ ಮೇಲೆ ದೊಡ್ಡ ಕಂಪ್ರೆಸರ್ ಇರುತ್ತದಲ್ಲ, ಇಡೀ ಊರಿಗೆ ಸದ್ದು ಕೇಳಿಸುವಂಥದ್ದು, ಅದೂ 20-25 ಬಾರ್ ಸುತ್ತಮುತ್ತ. ಸ್ಕೂಬಾ ಟ್ಯಾಂಕಿಗೆ ಬೇಕಾದದ್ದು 200 ಬಾರ್. ಕೆಲವಕ್ಕೆ 232, ಕೆಲವಕ್ಕೆ 300. ನಮ್ಮ ರಸ್ತೆಯಲ್ಲಿ ದಿನಾ ಕಾಣುವ ವಸ್ತುಗಳಲ್ಲಿ ಇದರ ಹತ್ತಿರ ಬರುವುದು ಸಿಎನ್‌ಜಿ ಗಾಡಿಯ ಸಿಲಿಂಡರ್‌ನಂಥವು ಮಾತ್ರ. ಅಡುಗೆ ಗ್ಯಾಸಿನ ಸಿಲಿಂಡರ್‌ನ್ನು ಟೆಸ್ಟ್ ಮಾಡುವುದೇ 25 ಬಾರ್ ಸುಮಾರಿಗೆ. ಅದನ್ನು ಇಂಥ ಕೆಲಸಕ್ಕೆ ಮಧ್ಯದ ಡಬ್ಬಿಯಾಗಿ ಬಳಸುವ ವಿಡಿಯೋ ನೋಡಿದಾಗ ನನಗೆ ನಿಜವಾಗಲೂ ಭಯವಾಯಿತು.

200 ಬಾರ್ ಅಂದರೆ ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ 200 ಕಿಲೋ ಭಾರ. ಎರಡು ಕ್ವಿಂಟಾಲ್ ಮೆಕ್ಕೆಜೋಳ ಆ ಉಗುರಿನ ಮೇಲೆ ಕೂತ ಹಾಗೆ. ಟ್ಯಾಂಕಿನ ಬಾಯಿ, ವಾಲ್ವ್ ಕೂರುವ ಜಾಗ, ಸುಮಾರು 25 ಎಂಎಂ ಅಗಲ. ಲೆಕ್ಕ ಹಾಕಿದರೆ ವಾಲ್ವನ್ನು ಒಳಗಿನಿಂದ ಹೊರಕ್ಕೆ ತಳ್ಳುವ ಬಲ ಹತ್ತಿರ ಹತ್ತಿರ ಒಂದು ಟನ್. ಆ ಒಂದು ಟನ್ನನ್ನು ತಡೆಯುವುದು ಬರೀ ಥ್ರೆಡ್, ಅಂದರೆ ತಿರುಪಿನ ಗೆರೆಗಳು.

ಲೇತ್ ಕೆಲಸ ಮಾಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸ್ಕೂಬಾ ಟ್ಯಾಂಕುಗಳಲ್ಲಿ 25 ಎಂಎಂ ಮೆಟ್ರಿಕ್ ಥ್ರೆಡ್ ಇರುತ್ತದೆ, ಮುಕ್ಕಾಲು ಇಂಚಿನದ್ದೂ ಇರುತ್ತದೆ. ಮುಕ್ಕಾಲು ಇಂಚು ಅನ್ನುವುದು ಹೆಸರಿಗೆ. ಪೈಪ್ ಕೆಲಸ ಮಾಡಿದವರಿಗೆ ಗೊತ್ತು, ಅಳೆದರೆ ಅದು 26 ಎಂಎಂ ದಾಟುತ್ತದೆ. ಮುಕ್ಕಾಲು ಇಂಚಿನ ಟ್ಯಾಂಕಿಗೆ 25 ಎಂಎಂ ವಾಲ್ವ್ ತಿರುಗಿಸಿದರೆ ಅದು ಹೋಗುತ್ತದೆ, ಬಿಗಿಯಾಗಿ ಕೂತ ಹಾಗೂ ಅನ್ನಿಸುತ್ತದೆ. ಥ್ರೆಡ್ಡಿನ ತುದಿ ತುದಿ ಮಾತ್ರ ಕಚ್ಚಿಕೊಂಡಿರುತ್ತದೆ. ಒತ್ತಡ ಏರುತ್ತಾ ಹೋದಾಗ ವಾಲ್ವ್ ಕಿತ್ತು ಗುಂಡಿನ ಹಾಗೆ ಹಾರುತ್ತದೆ. ತುಂಬಿಸುವವನ ಮುಖ ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಗೇಜ್ ನೋಡಲು ಬಗ್ಗಿರುತ್ತಾನೆ.

ಟ್ಯಾಂಕೇ ಒಡೆದರೆ? 11 ಲೀಟರ್ ಟ್ಯಾಂಕಿನಲ್ಲಿ 200 ಬಾರ್ ಗಾಳಿ ಅಂದರೆ ಸುಮಾರು 4 ಲಕ್ಷ ಜೂಲ್ ಶಕ್ತಿ ಅದುಮಿಟ್ಟ ಹಾಗೆ. ಒಂದು ಟನ್ ತೂಕದ ಕಾರನ್ನು 40 ಮೀಟರ್ ಮೇಲಕ್ಕೆ ಎತ್ತುವಷ್ಟು ಶಕ್ತಿ. ಅದು ಒಂದು ಕ್ಷಣದಲ್ಲಿ ಹೊರಗೆ ಬರುತ್ತದೆ. ಟ್ಯಾಂಕನ್ನು ನೀರಿನ ಡ್ರಮ್ಮಿನಲ್ಲಿಟ್ಟು ತುಂಬಿದರೆ ಅಪಾಯ ಇಲ್ಲ ಅಂತ ಕೆಲವರು ನಂಬಿದ್ದಾರೆ. ಡ್ರಮ್ಮು ಇದನ್ನು ತಡೆಯುವುದಿಲ್ಲ.

ಅದಕ್ಕೇ ಟ್ಯಾಂಕುಗಳಿಗೆ ಹೈಡ್ರೋ ಟೆಸ್ಟ್ ಅಂತ ಇದೆ. ಒಳಗೆ ನೀರು ತುಂಬಿ, ಕೆಲಸದ ಒತ್ತಡದ ಒಂದೂವರೆ ಪಟ್ಟು ಅಥವಾ ಅದಕ್ಕಿಂತ ಜಾಸ್ತಿ ಒತ್ತಿ ನೋಡುತ್ತಾರೆ. ನೀರು ಯಾಕೆ ಅಂದರೆ, ನೀರನ್ನು ಅದುಮಿದರೂ ಅದು ಹೆಚ್ಚೇನೂ ಕುಗ್ಗುವುದಿಲ್ಲ. ಕುಗ್ಗದೇ ಇದ್ದದ್ದು ಚಿಮ್ಮುವುದೂ ಇಲ್ಲ. ಟ್ಯಾಂಕ್ ಸೀಳಿದರೆ ಒಂದಿಷ್ಟು ನೀರು ಚೆಲ್ಲಿ ಒತ್ತಡ ಇಳಿದುಬಿಡುತ್ತದೆ. ಟೆಸ್ಟ್ ಆದ ತಿಂಗಳು, ವರ್ಷವನ್ನು ಟ್ಯಾಂಕಿನ ಭುಜದ ಮೇಲೆ ಗುದ್ದಿರುತ್ತಾರೆ. ಸ್ಕೂಬಾದವರು ಐದು ವರ್ಷಕ್ಕೊಮ್ಮೆ ಈ ಟೆಸ್ಟ್, ವರ್ಷಕ್ಕೊಮ್ಮೆ ವಾಲ್ವ್ ಬಿಚ್ಚಿ ಒಳಗೆ ಲೈಟ್ ಹಾಕಿ ನೋಡುವುದು, ಹೀಗೆ ರೂಢಿ ಮಾಡಿಕೊಂಡಿದ್ದಾರೆ.

ಹುಡುಗರ ಟ್ಯಾಂಕನ್ನು ಬೆಂಚಿನ ಮೇಲೆ ಮಲಗಿಸಿ, ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡಿದೆ. ನೇರವಾಗಿ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ, ಅಡ್ಡ ಹಿಡಿದರೆ ಗುದ್ದಿದ ಅಕ್ಷರದ ನೆರಳು ಬೀಳುತ್ತದೆ. ದಪ್ಪ ಬಣ್ಣದ ಕೆಳಗೆ ಕೊನೆಯ ತಾರೀಕು ಸಿಕ್ಕಿತು. ಹದಿಮೂರು ವರ್ಷ ಹಳೆಯದು. ಅದಕ್ಕಿಂತ ದೊಡ್ಡ ಚಿಂತೆ ಆ ಬಣ್ಣದ್ದೇ ಆಗಿತ್ತು. ತಿನ್ನರ್ ಬಟ್ಟೆಯಲ್ಲಿ ಉಜ್ಜಿದೆ, ಒಂದು ಚೂರೂ ಬಿಡಲಿಲ್ಲ. ಅಂದರೆ ಬ್ರಷ್ಷಿನಿಂದ ಹಚ್ಚಿದ ಬಣ್ಣ ಅಲ್ಲ. ಪೌಡರ್ ಕೋಟಿಂಗ್ ಇರಬೇಕು. ಗೇಟು, ಗ್ರಿಲ್ಲುಗಳಿಗೆ ಮಾಡುವ ಹಾಗೆ ಓವನ್ನಿನಲ್ಲಿಟ್ಟು 180-200 ಡಿಗ್ರಿಯಲ್ಲಿ ಬೇಯಿಸುವ ಬಣ್ಣ. ಗೇಟಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಅಲ್ಯೂಮಿನಿಯಂ ಟ್ಯಾಂಕಿಗೆ ಬಲ ಬಂದಿರುವುದೇ ಕಾರ್ಖಾನೆಯಲ್ಲಿ ಲೆಕ್ಕ ಹಾಕಿ ಕೊಟ್ಟ ಹದದಿಂದ. ಮತ್ತೆ ಬೇಯಿಸಿದರೆ ಆ ಹದ ಕೆಡುತ್ತದೆ. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಕಾಣುತ್ತದೆ, ಒಳಗೆ ಮೆತ್ತಗಾಗಿರುತ್ತದೆ. ಹಾಗೆ ಬೇಯಿಸಿದ ಟ್ಯಾಂಕನ್ನು ಗುಜರಿಗೆ ಹಾಕುವುದೇ ನಿಯಮ. ಸೆಕೆಂಡ್ ಹ್ಯಾಂಡ್ ಟ್ಯಾಂಕ್ ಮಿರಿಮಿರಿ ಮಿಂಚುತ್ತಿದ್ದರೆ ಖುಷಿಪಡಬೇಡಿ, ಅನುಮಾನಪಡಿ. 6351 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ಹಳೇ ಟ್ಯಾಂಕುಗಳು ಕತ್ತಿನ ಹತ್ತಿರ ಬಿರುಕು ಬಿಡುವುದುಂಟು ಅನ್ನುವುದೂ ಗೊತ್ತಿರಲಿ.

"ಸರಿ ಅಣ್ಣ, ಟ್ಯಾಂಕ್ ಬೇರೆ ತರ್ತೀವಿ. ಕಂಪ್ರೆಸರ್ ಮಾಡಬಹುದಲ್ವಾ?" ಅಂದ ತಮ್ಮ.

ನಾನು ನಿಜವಾಗಿ ಹೇಳಬೇಕಾಗಿದ್ದದ್ದು ಇಲ್ಲಿಂದ ಶುರು. ಕೈಚಳಕ ಇದ್ದವನು ಕಷ್ಟಪಟ್ಟರೆ 200 ಬಾರ್ ತರಬಹುದು. ವಿಡಿಯೋದಲ್ಲಿ ಮುಳ್ಳು ತಿರುಗಿದ್ದು ಸುಳ್ಳಲ್ಲ. ಆದರೆ ಆ ಮುಳ್ಳಿಗೆ ಗಾಳಿ ಎಷ್ಟಿದೆ ಅನ್ನುವುದು ಗೊತ್ತು, ಎಂಥದ್ದಿದೆ ಅನ್ನುವುದು ಗೊತ್ತಿಲ್ಲ. ಒಡೆಯುವ ಟ್ಯಾಂಕಿಗಿಂತ ಒಡೆಯದೇ ಉಳಿದ ಟ್ಯಾಂಕಿನ ಬಗ್ಗೆ ನನಗೆ ಜಾಸ್ತಿ ಹೆದರಿಕೆ. ಅದನ್ನು ಬೆನ್ನಿಗೆ ಹಾಕಿಕೊಂಡು ಒಬ್ಬ ನೀರಿಗೆ ಇಳಿಯುತ್ತಾನೆ.

ಸೈಕಲ್ ಪಂಪ್ ಹೊಡೆದವರಿಗೆ ಗೊತ್ತು, ಕೆಳಗಿನ ತುದಿ ಬಿಸಿಯಾಗುತ್ತದೆ. ಗಾಳಿಯನ್ನು ಅದುಮಿದರೆ ಬಿಸಿ ಏರುತ್ತದೆ, ತಪ್ಪಿಸೋಕಾಗಲ್ಲ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲವಲ್ಲ, ಅದು ಓಡುವುದೇ ಈ ಬಿಸಿಯಿಂದ. ಗಾಳಿಯನ್ನು ಒಂದೇ ಏಟಿಗೆ 200 ಬಾರ್‌ಗೆ ಒತ್ತಿದರೆ ಲೆಕ್ಕದ ಪ್ರಕಾರ ಸಾವಿರ ಡಿಗ್ರಿ ದಾಟುತ್ತದೆ. ಅದಕ್ಕೇ ನಿಜವಾದ ಸ್ಕೂಬಾ ಕಂಪ್ರೆಸರ್‌ನಲ್ಲಿ ಮೂರು ಅಥವಾ ನಾಲ್ಕು ಹಂತ. ಪ್ರತಿ ಹಂತದಲ್ಲಿ ಸ್ವಲ್ಪ ಸ್ವಲ್ಪವೇ ಒತ್ತಿ, ನಡುವೆ ಉದ್ದದ ಕಾಯಿಲ್‌ನಲ್ಲಿ ಓಡಿಸಿ ತಣ್ಣಗೆ ಮಾಡಿ ಮುಂದಕ್ಕೆ ಕಳಿಸುತ್ತಾರೆ. ಮೂರು ಹಂತ ಇದ್ದರೂ ಪ್ರತಿ ಹಂತದಲ್ಲಿ ಗಾಳಿ ಹತ್ತಿರ ಹತ್ತಿರ ಆರು ಪಟ್ಟು ಒತ್ತುತ್ತದೆ, 200 ಡಿಗ್ರಿ ಮುಟ್ಟಬಹುದು. ಮನೆಯಲ್ಲಿ ಮಾಡಿದ್ದರಲ್ಲಿ ಈ ಹಂತಗಳ ಅಳತೆ ಒಂದಕ್ಕೊಂದು ಹೊಂದುವುದಿಲ್ಲ. ಯಾವುದೋ ಒಂದರ ಮೇಲೆ ಎಲ್ಲಾ ಭಾರ ಬೀಳುತ್ತದೆ. ಮುಂದಿನ ಹಂತದ ವಾಲ್ವ್ ಸೋರಿದರೆ ಆ ಒತ್ತಡ ವಾಪಸ್ ಬಂದು ಹಿಂದಿನ ಹಂತದ ತೆಳ್ಳಗಿನ ಪೈಪಿಗೆ ಬಡಿಯುತ್ತದೆ. ಪ್ರತಿ ಹಂತಕ್ಕೂ ಒಂದು ಸೇಫ್ಟಿ ವಾಲ್ವ್ ಬೇಕಾಗುವುದು ಅದಕ್ಕೇ. ನಾನು ನೋಡಿದ ವಿಡಿಯೋಗಳಲ್ಲಿ ಕೊನೆಯಲ್ಲಿ ಒಂದು ಇದ್ದರೆ ಅದೇ ದೊಡ್ಡದು.

ಈ ಬಿಸಿಯಲ್ಲಿ ಎಣ್ಣೆ ಇದೆ. ಪಿಸ್ಟನ್ ಜಾರಬೇಕಲ್ಲ. ಉಸಿರಾಟದ ಗಾಳಿಗೆಂದೇ ಮಾಡಿದ ಕಂಪ್ರೆಸರ್ ಎಣ್ಣೆ ಬೇರೆ, ಅದು ಅಷ್ಟು ಬಿಸಿ ತಡೆದುಕೊಳ್ಳುತ್ತದೆ. ಎಂಜಿನ್ ಆಯಿಲ್ಲೋ, ಹಳೇ ಫ್ರಿಡ್ಜಿನ ಎಣ್ಣೆಯೋ ಹಾಗಲ್ಲ, ಅದು ಸೀಯುತ್ತದೆ. ಫ್ರಿಡ್ಜಿನದ್ದಾದರೆ ಹಳೇ ಗ್ಯಾಸಿನ ಉಳಿಕೆಯೂ ಆ ಎಣ್ಣೆಯಲ್ಲಿ ಕರಗಿ ಕೂತಿರುತ್ತದೆ. ಒಲೆಯಲ್ಲಿ ಹಸಿ ಸೌದೆ ಸರಿಯಾಗಿ ಉರಿಯದೆ ಹೊಗೆಯಾಡುತ್ತದಲ್ಲ, ಹಾಗೆ ಸೀದ ಎಣ್ಣೆಯಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಹೊರಗಿನಿಂದ ಹೊಗೆ ಬರಲೇಬೇಕು ಅಂತಿಲ್ಲ, ಕಂಪ್ರೆಸರ್ ಹೊಟ್ಟೆಯಲ್ಲೇ ತಯಾರಾಗುತ್ತದೆ. ಹೊರಗಿನಿಂದಲೂ ಬಂದರೆ ಇನ್ನೂ ಕಷ್ಟ. ತೋಟದಲ್ಲಿ ಕರೆಂಟು ಇಲ್ಲ ಅಂತ ಜನರೇಟರ್ ಪಕ್ಕದಲ್ಲೇ ಕಂಪ್ರೆಸರ್ ಇಟ್ಟರೆ, ಗಾಳಿ ಆ ಕಡೆ ಬೀಸಿದರೆ ಸಾಕು.

ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಉಸಿರಾಟದ ಗಾಳಿಯಲ್ಲಿ ಇದು ಹತ್ತು ಲಕ್ಷದಲ್ಲಿ 5 ಭಾಗಕ್ಕಿಂತ ಜಾಸ್ತಿ ಇರಬಾರದು ಅಂತ ಯುರೋಪಿನ ಮಾನದಂಡ ಹೇಳುತ್ತದೆ. ಅಮೆರಿಕದಲ್ಲಿ ಮುಳುಗುವವರ ಗಾಳಿಗೆ 10 ಭಾಗ. ಇಷ್ಟು ಕಟ್ಟುನಿಟ್ಟು ಯಾಕೆ? ನೀರಿನಲ್ಲಿ ಪ್ರತಿ 10 ಮೀಟರ್‌ಗೆ ಒಂದು ಬಾರ್ ಒತ್ತಡ ಏರುತ್ತದೆ. 10 ಮೀಟರ್ ಆಳದಲ್ಲಿ ಉಸಿರಿನ ಗಾಳಿ ಎರಡು ಪಟ್ಟು ದಟ್ಟ, 30 ಮೀಟರ್‌ನಲ್ಲಿ ನಾಲ್ಕು ಪಟ್ಟು. ವಿಷವೂ ಅಷ್ಟೇ ಪಟ್ಟು. ದಡದ ಮೇಲೆ ಬರೀ ತಲೆನೋವು ತರುವ ಗಾಳಿ ಕೆಳಗೆ ಎಚ್ಚರ ತಪ್ಪಿಸಬಹುದು. ದಡದಲ್ಲಿ ಎಚ್ಚರ ತಪ್ಪಿದರೆ ಯಾರಾದರೂ ಎಳೆದು ಹೊರಗೆ ಮಲಗಿಸುತ್ತಾರೆ. ನೀರಿನಲ್ಲಿ ಎಚ್ಚರ ತಪ್ಪಿದರೆ ಬಾಯಿಂದ ನಳಿಕೆ ಜಾರುತ್ತದೆ. ಆಮೇಲೆ ಬರುವ ಉಸಿರು ನೀರು.

ಇನ್ನೊಂದು ಮೋಸ ಇದರಲ್ಲಿದೆ. ಆಳದಲ್ಲಿ ಆಮ್ಲಜನಕವೂ ದಟ್ಟವಾಗಿರುತ್ತದಲ್ಲ, ಹಾಗಾಗಿ ಸ್ವಲ್ಪ ಹೊತ್ತು ದೇಹ ಸುಧಾರಿಸಿಕೊಳ್ಳಬಹುದು. ಮೇಲೆ ಬರುತ್ತಾ ಆ ಆಸರೆ ತಪ್ಪುತ್ತದೆ. ಕೆಲಸ ಮುಗಿಸಿ ಹಿಂದಿರುಗುವಾಗ ಕಣ್ಣು ಮಂಜಾಗುತ್ತದೆ.

ಎಣ್ಣೆ ಮತ್ತು ನೀರಿನ ವಿಷಯವನ್ನು ಬಾಯಲ್ಲಿ ಹೇಳುವ ಬದಲು ತೋರಿಸೋಣ ಅಂತ ಹುಡುಗರನ್ನು ಪಕ್ಕದ ಪಂಕ್ಚರ್ ಅಂಗಡಿಗೆ ಕರೆದುಕೊಂಡು ಹೋದೆ. ಕಂಪ್ರೆಸರ್ ಟ್ಯಾಂಕಿನ ಹೊಟ್ಟೆಯ ಕೆಳಗೆ ಒಂದು ಡ್ರೈನ್ ಕಾಕ್ ಇರುತ್ತದೆ. ಅದರ ಕೆಳಗೆ ಸ್ಟೀಲ್ ಲೋಟ ಹಿಡಿದು ನಿಧಾನಕ್ಕೆ ತಿರುಗಿಸಿದೆ. ಮೊದಲು ಬುಸ್ ಅಂತ ಗಾಳಿ, ಆಮೇಲೆ ಕಂದು ಬಣ್ಣದ ನೀರು, ಅದರ ಹಿಂದೆಯೇ ಹಾಲು ಜಾಸ್ತಿ ಹಾಕಿದ ಚಹಾದಂಥ ಗಟ್ಟಿ ದ್ರವ. ಮೇಲೆ ತುಕ್ಕಿನ ಪುಡಿ ತೇಲುತ್ತಿತ್ತು. ಮುಕ್ಕಾಲು ಲೋಟ ತುಂಬಿತು. ತಮ್ಮ ಮೂಸಿ ನೋಡಿ ಮುಖ ತಿರುಗಿಸಿದ. ಕಮಟು ಎಣ್ಣೆಯ ನಾತ.

"ಟೈರಿಗೆ ಇದು ನಡೆಯುತ್ತೆ. ನಿನ್ನ ಎದೆಗೆ?" ಅಂದೆ. ಅವನು ಏನೂ ಹೇಳಲಿಲ್ಲ.

ಲೆಕ್ಕ ನೋಡಿ. 11 ಲೀಟರ್ ಟ್ಯಾಂಕಿನಲ್ಲಿ 200 ಬಾರ್ ತುಂಬಲು ಸುಮಾರು 2,200 ಲೀಟರ್ ಹೊರಗಿನ ಗಾಳಿ ಬೇಕು. ಮಳೆಗಾಲದ ಒಂದು 30 ಡಿಗ್ರಿ ದಿನ ಆ ಗಾಳಿಯಲ್ಲಿ ಹೆಚ್ಚೂಕಡಿಮೆ 40 ಗ್ರಾಂ ನೀರಿರುತ್ತದೆ. ಎಂಟು ಚಮಚ. ಗಾಳಿಯನ್ನು ಅದುಮಿ ತಣ್ಣಗೆ ಮಾಡಿದಾಗ ಆ ನೀರು ಇಳಿಯುತ್ತದೆ. ಒಳ್ಳೆ ಕಂಪ್ರೆಸರ್‌ನಲ್ಲಿ ಅದನ್ನು ಹಂತ ಹಂತದಲ್ಲಿ ಬೇರ್ಪಡಿಸಿ ಆಗಾಗ ಹೊರಕ್ಕೆ ಬಿಡುತ್ತಾರೆ. ಬಿಡದಿದ್ದರೆ ಅದು ಟ್ಯಾಂಕಿಗೇ ಹೋಗುತ್ತದೆ. ಟ್ಯಾಂಕ್ ಕಬ್ಬಿಣದ್ದಾದರೆ ಒಳಗೆ ತುಕ್ಕು. ತುಕ್ಕು ಹಿಡಿಯುವುದೆಂದರೆ ಕಬ್ಬಿಣ ಆಮ್ಲಜನಕ ತಿನ್ನುವುದು ಅಂತ ಶಾಲೆಯಲ್ಲಿ ಓದಿದ್ದೇವೆ. ತಿಂಗಳುಗಟ್ಟಲೆ ಮುಚ್ಚಿಟ್ಟ ಒದ್ದೆ ಟ್ಯಾಂಕಿನಲ್ಲಿ ಮುಳ್ಳು ಚೆನ್ನಾಗಿಯೇ ತೋರಿಸುತ್ತಿರುತ್ತದೆ, ಒಳಗಿನ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು. ಎಣ್ಣೆಯ ಮಂಜು ಎದೆಗೆ ಹೋದರೆ ಅದು ಕಫದ ಹಾಗೆ ಕೆಮ್ಮಿ ಬರುವುದಿಲ್ಲ, ಶ್ವಾಸಕೋಶದಲ್ಲೇ ಉಳಿದು ನ್ಯುಮೋನಿಯಾ ತರಬಹುದು.

ಫಿಲ್ಟರ್ ಹಾಕಿದರೆ ಆಯ್ತಲ್ಲ ಅನ್ನಬಹುದು. ಆಯ್ತು, ಆದರೆ ಫಿಲ್ಟರ್ ಅಂದರೆ ಪೈಪಿನಲ್ಲಿ ಹತ್ತಿ ತುರುಕುವುದಲ್ಲ. ಒತ್ತಿದ ಬಿಸಿ ಗಾಳಿಯಲ್ಲಿ ಎಣ್ಣೆ ಕುಡಿದ ಹತ್ತಿ ಬೆಂಕಿಗೆ ಬತ್ತಿಯಾಗುತ್ತದೆ. ನಿಜವಾದ ಫಿಲ್ಟರ್ ಡಬ್ಬಿಯೊಳಗೆ ಒಂದು ಕ್ರಮ ಇದೆ. ಮೊದಲು ತೇವ ಹೀರುವ ಮಾಲಿಕ್ಯುಲರ್ ಸೀವ್. ಆಮೇಲೆ ಹಾಪ್ಕಲೈಟ್, ತಾಮ್ರ ಮತ್ತು ಮ್ಯಾಂಗನೀಸ್ ಆಕ್ಸೈಡುಗಳ ಮಿಶ್ರಣ. ಅದು ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಎಣ್ಣೆ ಆವಿ, ವಾಸನೆ ಹಿಡಿಯಲು ಇದ್ದಿಲು. ಹಾಪ್ಕಲೈಟ್‌ಗೆ ತೇವ ತಾಗಿದರೆ ಅದು ಸತ್ತ ಹಾಗೆ. ಅಂದರೆ ಮೊದಲನೆಯದು ಸೋತರೆ ಎರಡನೆಯದೂ ಸೋಲುತ್ತದೆ, ಹೊರಗೆ ಯಾವ ಗುರುತೂ ಇಲ್ಲ. ಬಿಸಿ ಗಾಳಿ ತೇವ ಜಾಸ್ತಿ ಹೊರುತ್ತದೆ, ಹಾಗಾಗಿ ತಣ್ಣನೆ ದೇಶದ ಲೆಕ್ಕ ಇಟ್ಟುಕೊಂಡು ಬಳಸಿದ ಫಿಲ್ಟರ್ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬೇಗ ಮುಗಿಯುತ್ತದೆ.

ನಮ್ಮೂರ ರೈಸ್ ಮಿಲ್ಲುಗಳಲ್ಲಿ ಅಕ್ಕಿಯಿಂದ ಕಪ್ಪು ಕಾಳು ಆರಿಸುವ ಸಾರ್ಟೆಕ್ಸ್ ಮಷೀನ್ ಇದೆ. ಗಾಳಿ ಊದಿ ಒಂದೊಂದೇ ಕಾಳನ್ನು ಹಾರಿಸುತ್ತದೆ. ಅದಕ್ಕೆ ಎಣ್ಣೆಯಿಲ್ಲದ ಒಣ ಗಾಳಿ ಬೇಕು ಅಂತ ಮಾಲೀಕರು ದುಡ್ಡು ಹಾಕಿ ಡ್ರೈಯರ್, ಎರಡು ಮೂರು ಫಿಲ್ಟರ್ ಕೂರಿಸುತ್ತಾರೆ. ನಾನೇ ಎಷ್ಟೋ ಕಡೆ ಕೂರಿಸಿದ್ದೇನೆ. ಮನುಷ್ಯನ ಎದೆಗೆ ಹೋಗುವ ಗಾಳಿಗೆ ಅದಕ್ಕಿಂತ ಕಡಿಮೆ ಕಾಳಜಿ ಮಾಡೋಕೆ ನನ್ನ ಕೈ ಬರುವುದಿಲ್ಲ.

ಈಗ ಆನ್‌ಲೈನ್‌ನಲ್ಲಿ ಸಣ್ಣ ಪೆಟ್ಟಿಗೆಯಂಥ ಕಂಪ್ರೆಸರ್ ಸಿಗುತ್ತದೆ, 300 ಬಾರ್ ಅಂತ ಬರೆದಿರುತ್ತದೆ. ಒತ್ತಡ ನಿಜವೇ. ಅವು ಏರ್‌ಗನ್ ತುಂಬಲು ಮಾಡಿದವು. ಹಕ್ಕಿ ಬೆದರಿಸುವ ಬಂದೂಕಿಗೆ ಎಣ್ಣೆ ಮಂಜು ತೊಂದರೆಯಿಲ್ಲ. ಉಸಿರಾಟಕ್ಕೆ ಬೇಕಾದ ಫಿಲ್ಟರ್ ಸಾಲು ಅದರಲ್ಲಿ ಇರುವುದಿಲ್ಲ.

ಟ್ಯಾಂಕೇ ಬೇಡ, ಪಂಕ್ಚರ್ ಕಂಪ್ರೆಸರ್‌ಗೆ ಉದ್ದ ಪೈಪ್ ಹಾಕಿ ಬಾಯಲ್ಲಿ ಕಚ್ಚಿಕೊಂಡು ಇಳಿಯೋಣ ಅನ್ನುವವರೂ ಇದ್ದಾರೆ. ಒತ್ತಡ ಕಡಿಮೆ, ಹಾಗಾಗಿ ಸಿಡಿಯುವ ಭಯ ಕಡಿಮೆ. ಗಾಳಿ ಮಾತ್ರ ಅದೇ ಲೋಟದ ಗಾಳಿ. ಕರೆಂಟು ಹೋದರೆ ಅದೂ ಇಲ್ಲ.

ಇಲ್ಲಿ ಆ ಹುಡುಗರಿಗೆ ಒಂದು ಮಾತನ್ನು ಎರಡೆರಡು ಸಲ ಹೇಳಿದೆ. ಅವರಿಗೆ ಉಸಿರು ಬಿಗಿಹಿಡಿಯುವುದು ಚಿಕ್ಕಂದಿನಿಂದ ಬಂದ ವಿದ್ಯೆ. ಟ್ಯಾಂಕಿನಿಂದಾಗಲಿ ಪೈಪಿನಿಂದಾಗಲಿ ಕೆಳಗೆ ಉಸಿರು ಎಳೆದುಕೊಂಡ ಮೇಲೆ ಆ ವಿದ್ಯೆಯೇ ಕುತ್ತು. 10 ಮೀಟರ್ ಆಳದಲ್ಲಿ ಎದೆ ತುಂಬಿದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ. ಬಾಯಿ ಮುಚ್ಚಿಕೊಂಡು ಬಂದರೆ ಶ್ವಾಸಕೋಶ ಹರಿಯುತ್ತದೆ. ಒಂದೂವರೆ ಮೀಟರ್ ಆಳದಿಂದ ಹೀಗೆ ಬಂದರೂ ಅಪಾಯ ಇದೆ. ಬರೀ ಉಸಿರಿನಲ್ಲಿ ಮುಳುಗುವವನಿಗೆ ಈ ತೊಂದರೆ ಇಲ್ಲ, ಅವನು ಮೇಲಿಂದ ತಂದ ಗಾಳಿಯನ್ನೇ ವಾಪಸ್ ತರುತ್ತಾನೆ. ಕಲಿಸುವವರ ಹತ್ತಿರ ಕಲಿಯದೆ ಟ್ಯಾಂಕ್ ಮುಟ್ಟಬಾರದು ಅನ್ನುವುದಕ್ಕೆ ಇದೊಂದೇ ಸಾಕು.

ಕಾನೂನೂ ಇದೆ. ಇಂಥ ಸಿಲಿಂಡರ್‌ಗಳು, ಅವಕ್ಕೆ ಅನಿಲ ತುಂಬಿಸುವುದು 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಕೆಳಗೆ ಬರುತ್ತವೆ. ನೋಡಿಕೊಳ್ಳುವುದು ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಅದರ ಒಪ್ಪಿಗೆ ಇಲ್ಲದ ಸಿಲಿಂಡರ್ ತುಂಬಿಸುವಂತಿಲ್ಲ.

ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಒಳ್ಳೆ ಕಂಪ್ರೆಸರ್‌ಗೆ ಲಕ್ಷಗಟ್ಟಲೆ ಬೇಕು. ಗಾಳಿ ತುಂಬಿಸಲು ಘಟ್ಟ ಇಳಿದು ಮುರುಡೇಶ್ವರದ ಕಡೆಗೆ ಹೋಗಬೇಕು, ನೇತ್ರಾಣಿ ದ್ವೀಪಕ್ಕೆ ಕರೆದೊಯ್ಯುವ ಡೈವಿಂಗ್‌ನವರ ಹತ್ತಿರ. ಆದರೆ ಬಾವಿಯ ಮೋಟಾರಿಗೆ ಟ್ಯಾಂಕೇ ಬೇಕು ಅಂತಿಲ್ಲ. ಬೇರೆ ಪಂಪ್ ಇಟ್ಟು ನೀರು ಇಳಿಸಿ, ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಚೈನ್ ಬ್ಲಾಕಿಗೆ ಪಾತಾಳಗರಡಿ ಕಟ್ಟಿ ಎತ್ತುವುದನ್ನು ನಾನೇ ನೋಡಿದ್ದೇನೆ. ಅರ್ಧ ದಿನ ಜಾಸ್ತಿ ಆಗುತ್ತದೆ, ಅಷ್ಟೇ. ಚೈನ್ ಬ್ಲಾಕ್ ನನ್ನ ಹತ್ತಿರ ಒಂದಿತ್ತು, ಕೊಟ್ಟೆ.

ಟ್ಯಾಂಕಿನ ವಾಲ್ವ್ ತೆರೆದು, ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಅದನ್ನು ಬಿಚ್ಚಿ, ಮತ್ತೆ ಯಾರೂ ತುಂಬಲಾಗದ ಹಾಗೆ ಕತ್ತಿನ ಥ್ರೆಡ್ ಕೆಡಿಸಿ ಅವರ ಎದುರೇ ಗುಜರಿಗೆ ಹಾಕಿದೆವು. ಅಣ್ಣನಿಗೆ ಬೇಜಾರಾಯಿತು, ದುಡ್ಡು ಕೊಟ್ಟು ತಂದದ್ದಲ್ವಾ.

ಮಳೆಗಾಲ ಕಳೆದ ಮೇಲೆ ತಮ್ಮ ಫೋನ್ ಮಾಡಿದ. ಕರಾವಳಿಯಲ್ಲಿ ಸ್ಕೂಬಾ ಕಲಿಯೋಕೆ ಸೇರಬೇಕು ಅಂತ ಒಂದು ಕಡೆ ವಿಚಾರಿಸಿದ್ದನಂತೆ. ಫೀಸು ಎಷ್ಟು ಅಂತ ಕೇಳುವ ಮೊದಲು ಅವನು ಅವರಿಗೆ ಕೇಳಿದ್ದು: "ನಿಮ್ ಕಂಪ್ರೆಸರ್ ಫಿಲ್ಟರ್ ಎಷ್ಟು ಗಂಟೆಗೆ ಬದಲಾಯಿಸ್ತೀರಿ? ಗಾಳಿ ಟೆಸ್ಟ್ ಮಾಡ್ಸಿದ ರಿಪೋರ್ಟ್ ಇದ್ರೆ ಕಳಿಸ್ತೀರಾ?" ಅವರು ವಾಟ್ಸಾಪ್‌ನಲ್ಲಿ ಕಳಿಸಿದ ಕಾಗದವನ್ನು ನನಗೆ ದಾಟಿಸಿದ್ದ. ಕಾರ್ಬನ್ ಮಾನಾಕ್ಸೈಡ್ ಅಂತ ಬರೆದ ಸಾಲನ್ನು ದೊಡ್ಡದು ಮಾಡಿ, ಸುತ್ತ ಕೆಂಪು ಗೆರೆ ಎಳೆದಿದ್ದ.